ಟ್ಯೂರಿಂಗ್ ಎಂಬ ಪ್ರೋಗ್ರಾಮರ್

ನಮ್ಮ ಕುಲಗೋಡದಿಂದ ಹೊರಜಗತ್ತಿಗೆ ಹೋಗಬೇಕೆಂದರೆ ಘಟಪ್ರಭಾ ನಿಲ್ದಾಣಕ್ಕೆ ಹೋಗಿ ರೈಲು ಹತ್ತಬೇಕಿತ್ತು. ಹಿರಿಯರು ಆ ರೈಲನ್ನು ಬಹುಕಾಲ ಎಂ.ಎಸ್.ಎಂ. ಎಂದೇ ಕರೆಯುತ್ತಿದ್ದರು. ನಮ್ಮ ಸೀಮೆಯ ಹಳಿಗಳನ್ನು ನೋಡಿಕೊಳ್ಳುತ್ತಿದ್ದ ಸದರ್ನ್ ಮರಾಠಾ ರೈಲ್ವೆಯು 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಸೇರಿದ್ದರಿಂದ ಹುಟ್ಟಿದ ಹೆಸರು ಅದು. ಆ ಮದ್ರಾಸ್ ರೈಲ್ವೆಗೆ ಒಂದು ಕಾಲಕ್ಕೆ ಮುಖ್ಯ ಎಂಜಿನಿಯರ್ ಆಗಿದ್ದವನು ಎಡ್ವರ್ಡ್ ವಾಲರ್ ಸ್ಟೋನಿ. ಅವನ ಮಗಳ ಮಗನೇ ಅಲನ್ ಟ್ಯೂರಿಂಗ್. ಮೇನ್‌ಫ್ರೇಮ್ ಯಂತ್ರಗಳಿಗೆ ಅಸೆಂಬ್ಲಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆದ ನನಗೆ ಈ ಸಂಗತಿ ತಿಳಿದದ್ದು ನಿವೃತ್ತಿಯ ಅಂಚಿನಲ್ಲಿ. ತಿಳಿದಾಗ ಹತ್ತಿರದ ಬಂಧುವೊಬ್ಬನ ಗುರುತು ಸಿಕ್ಕಂತಾಯಿತು.

ನಂಟು ಅಷ್ಟಕ್ಕೇ ನಿಲ್ಲುವುದಿಲ್ಲ. ಟ್ಯೂರಿಂಗನ ತಂದೆ ಜೂಲಿಯಸ್ 1896ರಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿ ಮದ್ರಾಸ್ ಪ್ರಾಂತಕ್ಕೆ ಬಂದವನು. ಆಗ ಮದ್ರಾಸಿಗೆ ಸೇರಿದ್ದ ನಮ್ಮ ಬಳ್ಳಾರಿಯಲ್ಲಿಯೂ ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿಯೂ ಆತ ಅಸಿಸ್ಟೆಂಟ್ ಕಲೆಕ್ಟರನಾಗಿ, ಮ್ಯಾಜಿಸ್ಟ್ರೇಟನಾಗಿ ದುಡಿದ. ತಾಯಿ ಈಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಅಣ್ಣ ಜಾನ್ ಹುಟ್ಟಿದ್ದು ಕೂನೂರಿನಲ್ಲಿ. ಅಲನ್ ಮಾತ್ರ 1912ರ ಜೂನ್ 23ರಂದು ಲಂಡನ್ನಿನಲ್ಲಿ ಹುಟ್ಟಿದ. ತಂದೆತಾಯಿ ಮದ್ರಾಸಿಗೆ ಮರಳುವಾಗ ಗಂಡುಮಕ್ಕಳಿಬ್ಬರನ್ನೂ ಇಂಗ್ಲೆಂಡಿನ ತೆಂಕಣ ಕರಾವಳಿಯ ನಿವೃತ್ತ ಸೇನಾಧಿಕಾರಿಯೊಬ್ಬನ ಮನೆಯಲ್ಲಿ ಬಿಟ್ಟರು. ಆ ಬಾಲಕನಿಗೆ ಭಾರತವೆಂದರೆ ಅಂಚೆಯಲ್ಲಿ ಬರುವ ಲಕೋಟೆಗಳ ದೇಶವಾಗಿತ್ತು.

ಟ್ಯೂರಿಂಗನ ಕಥೆ ಈಗ ಸಿನಿಮಾ ನೋಡಿದವರಿಗೆಲ್ಲ ಗೊತ್ತು. ಹದಿಮೂರನೆಯ ವಯಸ್ಸಿನಲ್ಲಿ, 1926ರ ಸಾರ್ವತ್ರಿಕ ಮುಷ್ಕರದಿಂದ ರೈಲು ನಿಂತಾಗ ಸುಮಾರು 60 ಮೈಲಿ ಸೈಕಲ್ ತುಳಿದು ಶೆರ್ಬೋರ್ನ್ ಶಾಲೆ ಸೇರಿದ್ದು. ಆಪ್ತ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್ 1930ರಲ್ಲಿ ತೀರಿಕೊಂಡಾಗ ಕುಸಿದುಹೋದದ್ದು. ಯುದ್ಧಕಾಲದಲ್ಲಿ ಬ್ಲೆಚ್‌ಲಿ ಪಾರ್ಕಿನಲ್ಲಿ ಜರ್ಮನರ ಎನಿಗ್ಮಾ ಗೂಢಲಿಪಿಯನ್ನು ಭೇದಿಸಿದ್ದು. ಯಂತ್ರ ಯೋಚಿಸಬಲ್ಲುದೇ ಎಂಬ ಪ್ರಶ್ನೆಯೆತ್ತಿದ 1950ರ ಲೇಖನವಂತೂ ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ದಿನಕ್ಕೊಮ್ಮೆಯಾದರೂ ಉಲ್ಲೇಖಗೊಳ್ಳುತ್ತದೆ. ನನ್ನ ತಕರಾರು ಒಂದೇ. ಈ ಗೂಢಚಾರ, ತತ್ತ್ವಜ್ಞಾನಿ, ಹುತಾತ್ಮರ ಚಿತ್ರಗಳ ನಡುವೆ, ಕಾಗದ ಪೆನ್ಸಿಲು ಹಿಡಿದು ಯಂತ್ರಕ್ಕೆ ಒಂದೊಂದೇ ಆದೇಶ ಬರೆಯುತ್ತ ರಾತ್ರಿ ಕಳೆದ ಕಸುಬುದಾರ ಕಾಣೆಯಾಗಿದ್ದಾನೆ.

ಆ ಕಸುಬಿನ ಮೂಲ ಇರುವುದು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿದ್ದಾಗ ಆತ ಬರೆದ 1936ರ ಪ್ರಬಂಧದಲ್ಲಿ. ಗಣಿತದ ತರ್ಕದಲ್ಲಿನ ಒಂದು ಕಗ್ಗಂಟನ್ನು ಬಿಡಿಸಲು ಆತ, ಕಾಗದದ ಪಟ್ಟಿಯ ಮೇಲೆ ಗುರುತು ಓದಿ, ಅಳಿಸಿ, ಬರೆಯುವ ಕಾಲ್ಪನಿಕ ಯಂತ್ರವೊಂದನ್ನು ಊಹಿಸಿದ. ಅಂಥ ಯಾವುದೇ ಯಂತ್ರದ ವಿವರಣೆಯನ್ನು ಪಟ್ಟಿಯ ಮೇಲೆ ಬರೆದುಕೊಟ್ಟರೆ ಅದರಂತೆಯೇ ನಡೆದು ತೋರಿಸಬಲ್ಲ ಇನ್ನೊಂದು ಯಂತ್ರ ಸಾಧ್ಯವೆಂದು ತೋರಿಸಿದ. ಲೆಕ್ಕಕ್ಕೊಂದು ಯಂತ್ರ ಬೇಡ, ಲೆಕ್ಕಕ್ಕೊಂದು ಬರಹ ಸಾಕು. ಪ್ರೋಗ್ರಾಮರ್ ಎಂಬ ಜಾತಿ ಹುಟ್ಟಿದ್ದು ಇಲ್ಲಿ.

ಯುದ್ಧ ಮುಗಿದ ಮೇಲೆ 1945ರಲ್ಲಿ ಆತ ಲಂಡನ್ ಬಳಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಸೇರಿ, ಎ.ಸಿ.ಇ. ಎಂಬ ಗಣಕದ ಸಂಪೂರ್ಣ ಯೋಜನೆ ಬರೆದ. ವೆಚ್ಚದ ಅಂದಾಜು 11,200 ಪೌಂಡು. ಆ ವರದಿಯಲ್ಲಿ ನನ್ನಂಥವನ ಕಣ್ಣು ನೆಡುವುದು ತಂತಿ, ಪಾದರಸದ ಕೊಳವೆಗಳ ವಿವರದಲ್ಲಲ್ಲ. ಒಂದು ಲೆಕ್ಕದ ನಡುವೆ ಇನ್ನೊಂದು ಪೂರಕ ಲೆಕ್ಕಕ್ಕೆ ಹೊರಳಿ, ಅದು ಮುಗಿದ ಮೇಲೆ ಬಿಟ್ಟ ಜಾಗಕ್ಕೇ ಮರಳುವುದು ಹೇಗೆಂದು ಆತ ಯೋಚಿಸಿದ್ದಾನೆ. ನಮ್ಮೂರು ಶ್ರೀಕೃಷ್ಣ ಪಾರಿಜಾತ ಬಯಲಾಟಕ್ಕೆ ಹೆಸರಾದ ಕುಲಗೋಡ ತಮ್ಮಣ್ಣನ ಊರು. ಆಟದ ನಡುವೆ ಬೇರೊಂದು ಪ್ರಸಂಗ ಬಂದು ಹಾಸ್ಯ ಎಷ್ಟೇ ಲಂಬಿಸಿದರೂ ಭಾಗವತನಿಗೆ ಮುಖ್ಯ ಕಥೆ ಎಲ್ಲಿ ನಿಂತಿತ್ತೆಂಬುದು ನೆನಪಿರುತ್ತದೆ; ಅಲ್ಲಿಂದಲೇ ಪದ ಎತ್ತಿಕೊಳ್ಳುತ್ತಾನೆ. ಯಂತ್ರಕ್ಕೆ ಅಂಥ ನೆನಪು ತಾನಾಗಿ ಇರದು. ಆದ್ದರಿಂದ ಮರಳಬೇಕಾದ ವಿಳಾಸವನ್ನು ಹೂತಿಟ್ಟು ಹೋಗಬೇಕು, ಬರುವಾಗ ಅಗೆದು ತೆಗೆಯಬೇಕು ಎಂದು ಟ್ಯೂರಿಂಗ್ ಬಗೆದ. ಆ ಎರಡು ಕ್ರಿಯೆಗಳಿಗೆ ಹೂಳು, ಅಗೆ ಎಂಬರ್ಥದ ಇಂಗ್ಲಿಷ್ ಹೆಸರುಗಳನ್ನೇ ಇಟ್ಟ. ಯಂತ್ರ ಇನ್ನೂ ಕಾಗದದ ಮೇಲಿತ್ತು ಎಂಬುದನ್ನು ಮರೆಯಬಾರದು.

ಇದರ ಬೆಲೆ ನಾನು ಅನುಭವದಿಂದ ಬಲ್ಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1970ರ ಸುಮಾರಿಗೆ ಐಬಿಎಂ 360/44 ಯಂತ್ರ ಬಂದ ನಂತರದ ವರ್ಷಗಳಲ್ಲಿ ನಾನು ಬೇರೊಂದು ಕಚೇರಿಯಲ್ಲಿ ಅದೇ ಕುಲದ ಯಂತ್ರದ ಮೇಲೆ ಕೆಲಸ ಕಲಿತೆ. ಅದರಲ್ಲಿ ಹದಿನಾರು ರಿಜಿಸ್ಟರುಗಳು. ಮರಳುವ ವಿಳಾಸ ಹದಿನಾಲ್ಕನೆಯದರಲ್ಲಿ ಇರಬೇಕೆಂಬುದು ರೂಢಿ. ಒಂದು ರಾತ್ರಿ ನನ್ನ ಸಬ್‌ರೂಟೀನ್ ಆ ವಿಳಾಸವನ್ನು ಕಾಪಿಡದೆ ಇನ್ನೊಂದು ಸಬ್‌ರೂಟೀನನ್ನು ಕರೆಯಿತು. ಹಳೆಯ ವಿಳಾಸ ಅಳಿಸಿಹೋಗಿ, ಯಂತ್ರ ನಾಲ್ಕು ಆದೇಶಗಳ ನಡುವೆ ಗಾಣದೆತ್ತಿನಂತೆ ಸುತ್ತತೊಡಗಿತು. ಬೆಳಗಾದರೂ ಸಂಬಳದ ಪಟ್ಟಿ ಹೊರಬರಲಿಲ್ಲ. ಹೂಳುವುದನ್ನು ಮರೆತಿದ್ದೆ, ಅಗೆಯಲು ಏನೂ ಇರಲಿಲ್ಲ.

ಸರ್ಕಾರಿ ಪ್ರಯೋಗಾಲಯ ನಿಧಾನಿಸಿತು. ಬೇಸತ್ತ ಟ್ಯೂರಿಂಗ್ 1948ರಲ್ಲಿ ಅದನ್ನು ಬಿಟ್ಟು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಆ ವರ್ಷದ ಜೂನ್ 21ರಂದು, ತನ್ನ ಮೆಮೊರಿಯಲ್ಲೇ ಆದೇಶಗಳನ್ನು ಇಟ್ಟುಕೊಂಡು ನಡೆಸುವ ಜಗತ್ತಿನ ಮೊದಲ ಎಲೆಕ್ಟ್ರಾನಿಕ್ ಗಣಕ ಟಾಮ್ ಕಿಲ್ಬರ್ನ್ ಬರೆದ ಹದಿನೇಳು ಆದೇಶಗಳ ಪ್ರೋಗ್ರಾಮನ್ನು ಓಡಿಸಿತ್ತು. ಯಂತ್ರ ಕಟ್ಟಿದವರು ಬೇರೆಯವರು. ಟ್ಯೂರಿಂಗನ ಪಾಲಿಗೆ ಬಂದದ್ದು ಅದನ್ನು ಬಳಸುವ ಬಗೆಯನ್ನು ರೂಪಿಸುವ ಕೆಲಸ. ಅದರ ಮಾರಾಟದ ರೂಪವಾದ ಫೆರಾಂಟಿ ಮಾರ್ಕ್ 1 ಯಂತ್ರ 1951ರ ಫೆಬ್ರುವರಿಯಲ್ಲಿ ಬಂದಾಗ ಪ್ರೋಗ್ರಾಮರುಗಳ ಕೈಪಿಡಿಯನ್ನು ಬರೆದವನು ಆತನೇ.

ಈ ಕೈಪಿಡಿ ವಿಚಿತ್ರ ಗ್ರಂಥ. ಯಂತ್ರದ ಒಂದು ಆದೇಶವೆಂದರೆ ಇಪ್ಪತ್ತು ಸೊನ್ನೆ-ಒಂದುಗಳ ಸಾಲು. ಅದನ್ನು ಐದೈದರಂತೆ ಒಡೆದು ಪ್ರತಿ ಐದಕ್ಕೂ ಟೆಲಿಪ್ರಿಂಟರಿನ ಒಂದೊಂದು ಚಿಹ್ನೆ ಕೊಟ್ಟರೆ ನಾಲ್ಕು ಚಿಹ್ನೆಗಳಾಗುತ್ತವೆ. ಒಟ್ಟು 32 ಚಿಹ್ನೆಗಳು. ಅಂದರೆ ನಾವು ಹತ್ತರ ಲೆಕ್ಕದಲ್ಲಿ ಎಣಿಸುವಂತೆ ಪ್ರೋಗ್ರಾಮರ್ 32ರ ಲೆಕ್ಕದಲ್ಲಿ ಎಣಿಸಬೇಕು, ಮಗ್ಗಿಯಂತೆ ಚಿಹ್ನೆಗಳ ಬೆಲೆಯನ್ನು ಬಾಯಿಪಾಠ ಮಾಡಬೇಕು. ಸೊನ್ನೆಗೆ ಓರೆಗೆರೆಯೇ ಚಿಹ್ನೆಯಾದ್ದರಿಂದ ಅಚ್ಚಾದ ಹಾಳೆಗಳು ಓರೆಗೆರೆಗಳಿಂದ ತುಂಬಿ, ಮ್ಯಾಂಚೆಸ್ಟರಿನ ಕಿಟಕಿಗೆ ಬಡಿಯುವ ಮಳೆಯಂತೆ ಕಾಣುತ್ತಿದ್ದವೆಂಬ ಕುಚೋದ್ಯ ಹುಟ್ಟಿಕೊಂಡಿತು. ಸಾಲದೆಂಬಂತೆ ಸಂಖ್ಯೆಗಳನ್ನು ಹಿಂದುಮುಂದಾಗಿ, ಬಿಡಿಸ್ಥಾನವನ್ನು ಮೊದಲಿಟ್ಟು ಬರೆಯಬೇಕಿತ್ತು. ನಮಗೆ ಇದು ತೀರ ಹೊಸತಲ್ಲ. ಹಳೆಯ ಶಾಸನ, ಹಸ್ತಪ್ರತಿಗಳಲ್ಲಿ ವರ್ಷವನ್ನು ಪದಗಳಿಂದ ಸೂಚಿಸುವಾಗ ನೇತ್ರ, ಋತು, ಚಂದ್ರ ಎಂದರೆ ಎರಡು, ಆರು, ಒಂದು. ಓದಬೇಕಾದದ್ದು 162 ಎಂದು. ನಮ್ಮ ಪಂಡಿತರು ಕೊನೆಗೆ ಒಮ್ಮೆ ಬಲದಿಂದ ಎಡಕ್ಕೆ ಓದಿ ಮುಗಿಸುತ್ತಿದ್ದರು. ಟ್ಯೂರಿಂಗನಿಗೆ ಕೂಡು-ಕಳೆಯೂ ಹಾಗೆಯೇ ನಡೆಯಬೇಕಿತ್ತು. 1949ರಲ್ಲಿ ಕೇಂಬ್ರಿಜ್‌ನ ಸಮ್ಮೇಳನವೊಂದರಲ್ಲಿ ಆತ ಕಪ್ಪುಹಲಗೆಯ ಮೇಲೆ ಮಾಮೂಲಿ ದಶಮಾನದ ಅಂಕೆಗಳನ್ನೂ ತಿರುಗಿಸಿ ಬರೆದು ಕೇಳುಗರನ್ನು ಕಕ್ಕಾಬಿಕ್ಕಿಯಾಗಿಸಿದನಂತೆ.

ಅದೇ ಕೇಂಬ್ರಿಜ್‌ನಲ್ಲಿ, ಅದೇ 1949ರಲ್ಲಿ, ಡೇವಿಡ್ ವೀಲರ್ ಎಂಬ ಸಂಶೋಧನ ವಿದ್ಯಾರ್ಥಿ ಎಡ್‌ಸ್ಯಾಕ್ ಯಂತ್ರಕ್ಕೆ ಬೇರೆಯದೇ ದಾರಿ ತೋರಿಸಿದ್ದ. ಕೂಡಲು ಎ, ಕಳೆಯಲು ಎಸ್ ಎಂದು ಮನುಷ್ಯನಿಗೆ ನೆನಪಿರುವ ಅಕ್ಷರ ಬರೆಯಿರಿ, ವಿಳಾಸಗಳನ್ನು ದಶಮಾನದಲ್ಲೇ ಕೊಡಿ. ಅವನ್ನು ಸೊನ್ನೆ-ಒಂದುಗಳಿಗೆ ತಿರುಗಿಸುವ ಚಾಕರಿಯನ್ನು ಯಂತ್ರವೇ ಮಾಡಲಿ. ನಾವು ಅಸೆಂಬ್ಲಿ ಭಾಷೆ ಎನ್ನುವುದರ ಬೇರು ಇದು. ಟ್ಯೂರಿಂಗನಿಗೆ ಈ ಸೌಕರ್ಯ ಅಗತ್ಯವೆನಿಸಲಿಲ್ಲ. ಯಂತ್ರದ ಒಡಲಲ್ಲಿ ಏನಿದೆಯೋ ಅದನ್ನೇ ಕಣ್ಣಾರೆ ಕಾಣಬೇಕೆಂಬ ಹಟ. ಇಲ್ಲಿ ನಾನು ಆತನ ಪಕ್ಷ ವಹಿಸಲಾರೆ. ತನಗೆ ಸುಲಭವಾದದ್ದು ಎಲ್ಲರಿಗೂ ಸುಲಭವೆಂದು ಬಗೆಯುವುದು ಜಾಣರ ಹಳೆಯ ದೋಷ. ಕೈಪಿಡಿಯ ಕ್ಲಿಷ್ಟತೆ ಆ ಕಾಲಕ್ಕೇ ಕುಖ್ಯಾತವಾಗಿತ್ತು. ಬಳಸಬಂದವರು ಅದರಿಂದ ಪಟ್ಟ ಪಾಡು ನಿಜವಾದದ್ದು.

ಆದರೆ ಈ ಹಟಮಾರಿಯೇ 1947ರ ಫೆಬ್ರುವರಿಯಲ್ಲಿ ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಯಲ್ಲಿ ಮಾಡಿದ ಉಪನ್ಯಾಸದಲ್ಲಿ, ಇಂಥ ಆದೇಶ ಬರೆಯುವ ನಿಪುಣರ ಕೆಲಸದಲ್ಲಿ ಯಾವುದು ರೂಢಿಗತವಾಗುತ್ತದೋ ಅದನ್ನು ಕ್ರಮೇಣ ಯಂತ್ರವೇ ವಹಿಸಿಕೊಳ್ಳುತ್ತದೆಂದು ಹೇಳಿದ್ದ. ಆಗ ನಿಪುಣರು ತಮ್ಮ ವಿದ್ಯೆ ಕೈಬಿಟ್ಟು ಹೋಗದಿರಲೆಂದು ಅದಕ್ಕೆ ಗೂಢ ಪದಗಳ ಮುಸುಕು ಹಾಕಿಯಾರೆಂದೂ ಎಚ್ಚರಿಸಿದ್ದ. ಈ ಭಾಗ ಓದಿದ ದಿನ ನನಗೆ ನಾಚಿಕೆಯಾಯಿತು. ಕೋಬಾಲ್ ಬಲ್ಲ ಹೊಸ ಹುಡುಗರು ಕಚೇರಿಗೆ ಬಂದಾಗ ನಾವು ಅಸೆಂಬ್ಲಿಯವರು ಮಾಡಿದ್ದು ಅದನ್ನೇ. ಪ್ರೋಗ್ರಾಮಿನ ಪಕ್ಕದಲ್ಲಿ ಒಂದು ಸಾಲು ವಿವರಣೆಯನ್ನೂ ಬರೆಯದೆ, ಹೆಕ್ಸಾಡೆಸಿಮಲ್ ಹಾಳೆಗಳನ್ನು ತಾಳೆಗರಿಯಂತೆ ಎದೆಗಪ್ಪಿಕೊಂಡು ಓಡಾಡಿದೆವು. ನಾನು ಬಿಟ್ಟ ಮೇಲೆ ಆ ಪ್ರೋಗ್ರಾಮುಗಳನ್ನು ತಿದ್ದಲು ಹೆಣಗಿದವರು ನನ್ನನ್ನು ಎಷ್ಟು ಶಪಿಸಿದರೋ.

ಟ್ಯೂರಿಂಗ್ ಮುಚ್ಚಿಡಲಿಲ್ಲ ಎಂಬುದೇ ವ್ಯತ್ಯಾಸ. ಅದೇ 1949ರ ಸಮ್ಮೇಳನದಲ್ಲಿ ಆತ ಮಂಡಿಸಿದ ಪುಟ್ಟ ಪ್ರಬಂಧದ ವಿಷಯ, ದೊಡ್ಡ ಪ್ರೋಗ್ರಾಂ ಸರಿಯಿದೆಯೆಂದು ಇನ್ನೊಬ್ಬನು ಪರೀಕ್ಷಿಸುವುದು ಹೇಗೆಂಬುದು. ಉದ್ದನೆಯ ಕೂಡುವ ಲೆಕ್ಕದಲ್ಲಿ ಉತ್ತರವನ್ನು ಮಾತ್ರ ಕೊಟ್ಟರೆ ಪರೀಕ್ಷಕ ಎಲ್ಲವನ್ನೂ ಮತ್ತೆ ಕೂಡಬೇಕು. ಕೈಗೆ ಬಂದ ದಶಕಗಳನ್ನೂ ಬರೆದಿಟ್ಟರೆ ಒಂದೊಂದು ಸಾಲನ್ನು ಬೇರೆಬೇರೆಯಾಗಿ ನೋಡಬಹುದು. ಪ್ರೋಗ್ರಾಮಿನಲ್ಲೂ ಹಾಗೆಯೇ, ಅಲ್ಲಲ್ಲಿ ಈ ಹಂತದಲ್ಲಿ ಇಂತಿಂಥದು ನಿಜವಾಗಿರಬೇಕು ಎಂದು ಬರೆದಿಡಬೇಕೆಂದ. ಯಾರೂ ಹೆಚ್ಚು ಗಮನಿಸಲಿಲ್ಲ. 1960ರ ದಶಕದಲ್ಲಿ ಇತರರು ಅದನ್ನು ಸ್ವತಂತ್ರವಾಗಿ ಮತ್ತೆ ಕಂಡುಕೊಳ್ಳಬೇಕಾಯಿತು.

ಕೈಪಿಡಿಯನ್ನು ಅರಗಿಸಿಕೊಂಡವರಲ್ಲಿ ಹ್ಯಾರೋ ಶಾಲೆಯ ಉಪಾಧ್ಯಾಯ ಕ್ರಿಸ್ಟೋಫರ್ ಸ್ಟ್ರೇಚಿ ಒಬ್ಬ. ಯಂತ್ರವು ತನ್ನದೇ ನಡೆಯನ್ನು ಹೆಜ್ಜೆಹೆಜ್ಜೆಯಾಗಿ ಅನುಕರಿಸಿ ತೋರಿಸುವಂಥ ಪ್ರೋಗ್ರಾಂ ಬರೆ ಎಂದು ಟ್ಯೂರಿಂಗ್ ಅವನಿಗೆ ಸೂಚಿಸಿದ. ಉಪಾಧ್ಯಾಯ ಸಾವಿರಕ್ಕೂ ಹೆಚ್ಚು ಆದೇಶಗಳ ಪ್ರೋಗ್ರಾಂ ಹಿಡಿದು 1951ರಲ್ಲಿ ಬಂದ. ಅಷ್ಟು ಉದ್ದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಒಂದು ರಾತ್ರಿಯಲ್ಲಿ ತಪ್ಪುಗಳನ್ನು ತಿದ್ದಿ ಓಡಿಸಿದಾಗ ಕೊನೆಗೆ ಯಂತ್ರ ಬ್ರಿಟನ್ನಿನ ರಾಷ್ಟ್ರಗೀತೆಯನ್ನು ಊದಿತು. ಪ್ರೋಗ್ರಾಮರನನ್ನು ಎಚ್ಚರಿಸಲೆಂದು ಯಂತ್ರದಲ್ಲಿದ್ದ ಭೋಂಕಾರದ ಆದೇಶವನ್ನೇ ಅವನು ವಾದ್ಯ ಮಾಡಿಕೊಂಡಿದ್ದ.

ಟ್ಯೂರಿಂಗ್ ತನ್ನ ಕೊನೆಯ ವರ್ಷಗಳಲ್ಲಿ ಯಂತ್ರವನ್ನು ದುಡಿಸಿದ್ದು ಜೀವಿಗಳ ಆಕಾರದ ರಹಸ್ಯ ಹುಡುಕಲು. ಚಿರತೆಯ ಮೈಚುಕ್ಕೆಯಂಥ ವಿನ್ಯಾಸಗಳು ರಾಸಾಯನಿಕಗಳ ಹರಡುವಿಕೆಯಿಂದಲೇ ಮೂಡಬಹುದೆಂದು 1952ರಲ್ಲಿ ಬರೆದ. ಅದೇ ವರ್ಷ, ಮನೆಯಲ್ಲಾದ ಕಳವಿನ ದೂರು ಕೊಡಹೋದವನು ಗಂಡಸಿನೊಡನೆ ತನಗಿದ್ದ ಸಂಬಂಧವನ್ನು ಪೊಲೀಸರಿಗೆ ಮುಚ್ಚಿಡದೆ ಹೇಳಿ ತಾನೇ ಆರೋಪಿಯಾದ. ಮಾರ್ಚ್ 31ರಂದು ವಿಚಾರಣೆ ನಡೆಯಿತು. ಸೆರೆಮನೆಯ ಬದಲು ಒಂದು ವರ್ಷ ಸ್ತ್ರೀ ಹಾರ್ಮೋನಿನ ಚಿಕಿತ್ಸೆಯನ್ನು ಒಪ್ಪಿಕೊಂಡ. ಯುದ್ಧದ ರಹಸ್ಯ ಕಾದವನಿಗೆ ರಹಸ್ಯ ಕೆಲಸದ ಅನುಮತಿ ಹೋಯಿತು. ಬಳ್ಳಾರಿಯಲ್ಲಿ ತಂದೆ ನ್ಯಾಯಪೀಠದಲ್ಲಿ ಕುಳಿತಿದ್ದಾಗ ಅವನ ಮೇಜಿನ ಮೇಲಿದ್ದ ದಂಡಸಂಹಿತೆಯಲ್ಲಿಯೂ ಅಂಥದೇ ಒಂದು ಕಲಮು ಇತ್ತು: 377. ನಮ್ಮ ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಅದರ ಹಿಡಿತದಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು.

1954ರ ಜೂನ್ 7ರಂದು, 41ರ ವಯಸ್ಸಿನಲ್ಲಿ, ಸಯನೈಡ್ ವಿಷದಿಂದ ಟ್ಯೂರಿಂಗ್ ತೀರಿಕೊಂಡ. ಆತ್ಮಹತ್ಯೆಯೆಂದು ತೀರ್ಪಾಯಿತು, ರಾಸಾಯನಿಕಗಳ ಪ್ರಯೋಗದಲ್ಲಾದ ಅಚಾತುರ್ಯವೆಂದು ಪೋದನೂರಿನಲ್ಲಿ ಹುಟ್ಟಿದ ಆ ತಾಯಿ ಕಡೆಯವರೆಗೂ ನಂಬಿದ್ದಳು, 1959ರಲ್ಲಿ ಮಗನ ಜೀವನಚರಿತ್ರೆಯನ್ನೂ ಬರೆದಳು. ಬ್ರಿಟನ್ನಿನ ಪ್ರಧಾನಿ 2009ರಲ್ಲಿ ಕ್ಷಮೆ ಕೋರಿದರು, 2013ರಲ್ಲಿ ರಾಣಿಯ ಕ್ಷಮಾದಾನ ಬಂತು, 2021ರಲ್ಲಿ 50 ಪೌಂಡಿನ ನೋಟಿನ ಮೇಲೆ ಮುಖ ಮೂಡಿತು.

ಆತ ಸತ್ತ 1954ರಲ್ಲೇ ಮ್ಯಾಂಚೆಸ್ಟರಿನಲ್ಲಿ ಟೋನಿ ಬ್ರೂಕರ್ ರೂಪಿಸಿದ ಆಟೋಕೋಡ್ ಬಳಕೆಗೆ ಬಂತು. ಸಾಮಾನ್ಯ ಬೀಜಗಣಿತದಂತೆ ಸೂತ್ರ ಬರೆದರೆ ಸಾಕು, 32 ಚಿಹ್ನೆಗಳ ಬಾಯಿಪಾಠ ಯಾರಿಗೂ ಬೇಕಿರಲಿಲ್ಲ. ಗಿಡಗಳ ವಿನ್ಯಾಸ ಕುರಿತು ಟ್ಯೂರಿಂಗ್ ಅರ್ಧಕ್ಕೆ ಬಿಟ್ಟ ಲೆಕ್ಕದ ಹಾಳೆಗಳು ಕಿಂಗ್ಸ್ ಕಾಲೇಜಿನ ದಾಖಲೆಗಳಲ್ಲಿವೆ. ಅವನ್ನು ಓದಲು ಕುಳಿತವರು ಮೊದಲು ಆ ಬಾಯಿಪಾಠವನ್ನೇ ಕಲಿಯಬೇಕು, ಸಂಖ್ಯೆಗಳನ್ನು ಬಿಡಿಸ್ಥಾನದಿಂದ ಎಣಿಸಬೇಕು.