ಅಂಗೈಗೆ ಮಾತು ತಂದ ಶಿಕ್ಷಕಿ ಆನಿ ಸಲಿವನ್

ಹೆಲೆನ್ ಕೆಲರ್ ಹೆಸರನ್ನು ಕೇಳದ ಕನ್ನಡ ಶಾಲೆಯ ಮಕ್ಕಳು ವಿರಳ. ಕಣ್ಣು ಕಾಣದೆ, ಕಿವಿ ಕೇಳದೆ ಓದಿ ಪದವೀಧರೆಯಾದ ಆ ಮಹಿಳೆಯ ಕಥೆಯನ್ನು ನಾವೆಲ್ಲರೂ ಒಂದಲ್ಲ ಒಂದು ತರಗತಿಯಲ್ಲಿ ಕೇಳಿದವರೇ. ಆದರೆ ಆಕೆಯ ಅಂಗೈಯ ಮೇಲೆ ಮೊದಲ ಅಕ್ಷರಗಳನ್ನು ಮೂಡಿಸಿದ ಶಿಕ್ಷಕಿಯ ಹೆಸರು ಒಂದೆರಡು ಸಾಲುಗಳಲ್ಲಿ ಬಂದು ಮರೆಯಾಗುತ್ತದೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕಲಿಸುವ ವೃತ್ತಿಯನ್ನು ಶಿಕ್ಷಕರು ಏಕೆ ಆರಿಸಿಕೊಳ್ಳುತ್ತಾರೆ ಎಂದು ಯಾರಾದರೂ ಕೇಳಿದರೆ ಕರುಣೆ, ಸೇವಾಭಾವ, ತ್ಯಾಗ ಎಂಬ ಪದಗಳು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತವೆ. ಆನಿ ಸಲಿವನ್ ಅವರ ಬದುಕನ್ನು ಮೊದಲಿನಿಂದ ನೋಡಿದಾಗ ಆ ಪದಗಳು ಸಾಲದೆ ಹೋಗುತ್ತವೆ.

ಆನಿ ಹುಟ್ಟಿದ್ದು 1866ರ ಏಪ್ರಿಲ್ 14ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫೀಡಿಂಗ್ ಹಿಲ್ಸ್ ಎಂಬಲ್ಲಿ. ತಂದೆತಾಯಿ ಐರ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದ ಬಡವರು, ಅಕ್ಷರ ಬಲ್ಲವರಲ್ಲ. ತಂದೆ ಕುಡುಕ. ಎಳೆಯ ವಯಸ್ಸಿನಲ್ಲಿಯೇ ಟ್ರಕೋಮಾ ಎಂಬ ಕಣ್ಣಿನ ರೋಗ ತಗುಲಿ ಬಾಲಕಿಯ ದೃಷ್ಟಿ ಬಹುಪಾಲು ಹೋಯಿತು. ಎಂಟನೆಯ ವಯಸ್ಸಿನಲ್ಲಿ ತಾಯಿ ಕ್ಷಯದಿಂದ ತೀರಿಕೊಂಡಳು. ತಂದೆ ಮಕ್ಕಳನ್ನು ಸಾಕಲಾರದೆ ಕೈಬಿಟ್ಟ. ಕಿರಿಯ ತಂಗಿಯನ್ನು ಬಂಧುಗಳು ಉಳಿಸಿಕೊಂಡರು. ಕಣ್ಣು ಕಾಣದ ಆನಿಯೂ, ಸೊಂಟದ ಕ್ಷಯದಿಂದ ಊರುಗೋಲು ಹಿಡಿದಿದ್ದ ತಮ್ಮ ಜಿಮ್ಮಿಯೂ ಯಾರಿಗೂ ಬೇಡವಾದರು. 1876ರ ಫೆಬ್ರವರಿಯಲ್ಲಿ ಇಬ್ಬರನ್ನೂ ಟ್ಯೂಕ್ಸ್‌ಬರಿಯ ಸರ್ಕಾರಿ ನಿರ್ಗತಿಕರ ಆಶ್ರಯಾಲಯಕ್ಕೆ ಸೇರಿಸಲಾಯಿತು. ಕೆಲವೇ ತಿಂಗಳುಗಳಲ್ಲಿ ಜಿಮ್ಮಿ ಅಲ್ಲಿಯೇ ಪ್ರಾಣ ಬಿಟ್ಟ.

ಆ ಆಶ್ರಯಾಲಯವು ಮಕ್ಕಳಿಗಾಗಿ ಕಟ್ಟಿದ್ದಲ್ಲ. ಮುದುಕರು, ಮನೋರೋಗಿಗಳು, ಮದುವೆಯಿಲ್ಲದೆ ಬಸಿರಾದ ಹೆಣ್ಣುಮಕ್ಕಳು, ಸಾಂಕ್ರಾಮಿಕ ರೋಗಿಗಳು ಎಲ್ಲರನ್ನೂ ಸಮಾಜ ಅಲ್ಲಿಗೆ ತಳ್ಳಿತ್ತು. ಆನಿ ಅಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಳೆದಳು. ಕುರುಡರಿಗೂ ಶಾಲೆಗಳಿವೆ ಎಂಬ ಸುದ್ದಿ ಅಲ್ಲಿನ ಯಾರೋ ಒಬ್ಬರ ಬಾಯಿಂದ ಅವಳ ಕಿವಿಗೆ ಬಿತ್ತು. 1880ರಲ್ಲಿ ರಾಜ್ಯದ ಧರ್ಮಾರ್ಥ ಸಂಸ್ಥೆಗಳ ಮೇಲ್ವಿಚಾರಣೆಯ ಹೊಣೆ ಹೊತ್ತಿದ್ದ ಫ್ರಾಂಕ್ಲಿನ್ ಸ್ಯಾನ್‌ಬಾರ್ನ್ ಪರಿಶೀಲನೆಗೆ ಬಂದಾಗ, ಅವರ ಮುಖ ಕಾಣದಿದ್ದರೂ ಆ ಗುಂಪಿನ ಹಿಂದೆಯೇ ಅಲೆದು, ಅವರು ಹೊರಟುಹೋಗುವ ಹೊತ್ತಿಗೆ ಮುಂದೆ ನುಗ್ಗಿ, ತನ್ನನ್ನು ಶಾಲೆಗೆ ಕಳುಹಿಸಬೇಕೆಂದು ಕೂಗಿ ಕೇಳಿದಳು. ಅದೇ ವರ್ಷ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಗೆ ಸೇರಿದಾಗ ಅವಳಿಗೆ ಹದಿನಾಲ್ಕು ವರ್ಷ. ತನ್ನ ಹೆಸರನ್ನೂ ಬರೆಯಲು ಬರುತ್ತಿರಲಿಲ್ಲ.

ಪರ್ಕಿನ್ಸ್ ಅವಳಿಗೆ ಹೂವಿನ ಹಾಸಿಗೆಯಾಗಲಿಲ್ಲ. ಅನುಕೂಲಸ್ಥರ ಮನೆಯ ಸಹಪಾಠಿಗಳು ಅವಳ ತಪ್ಪು ಕಾಗುಣಿತಕ್ಕೂ, ಒರಟು ನಡವಳಿಕೆಗೂ ನಕ್ಕರು. ಅವಳ ಸಿಟ್ಟು ದೊಡ್ಡದು. ಶಾಲೆಯಿಂದ ಹೊರಹಾಕುವ ಮಾತೂ ಬಂತು. ಆದರೆ ಸೋಫಿಯಾ ಹಾಪ್ಕಿನ್ಸ್ ಎಂಬ ಮೇಲ್ವಿಚಾರಕಿ ಅವಳನ್ನು ಮಗಳಂತೆ ಕಂಡರು. ಶಸ್ತ್ರಚಿಕಿತ್ಸೆಗಳಿಂದ ದೃಷ್ಟಿ ತಕ್ಕಮಟ್ಟಿಗೆ ಮರಳಿ, ಅಚ್ಚಿನ ಅಕ್ಷರಗಳನ್ನು ಓದುವಷ್ಟಾಯಿತು. ಅದೇ ಶಾಲೆಯಲ್ಲಿ ಲಾರಾ ಬ್ರಿಡ್ಜ್‌ಮನ್ ಎಂಬ ನಡುವಯಸ್ಸಿನ ಮಹಿಳೆ ವಾಸವಾಗಿದ್ದರು. ಅವರಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಶಾಲೆಯ ಸ್ಥಾಪಕ ನಿರ್ದೇಶಕ ಸ್ಯಾಮ್ಯುಯೆಲ್ ಹೋವ್ ಅವರು ಅರ್ಧ ಶತಮಾನದ ಹಿಂದೆಯೇ ಲಾರಾಗೆ ಭಾಷೆ ಕಲಿಸಿ ಜಗತ್ತನ್ನು ಬೆರಗುಗೊಳಿಸಿದ್ದರು. ಲಾರಾ ಜೊತೆ ಹರಟಬೇಕಾದರೆ ಬೆರಳಕ್ಷರ ಬೇಕು, ಅಂದರೆ ಒಂದೊಂದು ಅಕ್ಷರಕ್ಕೆ ಒಂದೊಂದು ಬೆರಳ ಭಂಗಿಯನ್ನು ಎದುರಿನವರ ಅಂಗೈಯಲ್ಲಿ ಒತ್ತಿ ತೋರಿಸುವ ವಿಧಾನ ಬೇಕು. ಆನಿ ಅದನ್ನು ಕಲಿತದ್ದು ಯಾವ ತರಬೇತಿಗಾಗಿಯೂ ಅಲ್ಲ, ಅದೇ ಶಾಲೆಯ ಆ ಮಹಿಳೆಯೊಡನೆ ಮಾತಾಡುವುದಕ್ಕಾಗಿ. ಮುಂದಿನದೆಲ್ಲಕ್ಕೂ ಬೀಜ ಇಲ್ಲಿದೆ ಎಂದು ನಮಗೆ ತೋರುತ್ತದೆ.

1886ರಲ್ಲಿ ಇಪ್ಪತ್ತರ ಆನಿ ತರಗತಿಗೇ ಮೊದಲಿಗಳಾಗಿ ಉತ್ತೀರ್ಣಳಾದಳು. ಆದರೆ ಮುಂದೇನು? ಹಿಂದಿರುಗಲು ಮನೆಯಿಲ್ಲ, ಅರೆಗಣ್ಣಿನ ಹುಡುಗಿಗೆ ಕೆಲಸ ಕೊಡುವವರು ಕಡಿಮೆ. ಆ ಬೇಸಿಗೆಯಲ್ಲಿ ಪರ್ಕಿನ್ಸಿನ ನಿರ್ದೇಶಕ ಮೈಕೆಲ್ ಅನಾಗ್ನೋಸ್ ಅವರ ಪತ್ರ ಬಂತು. ಅಲಬಾಮಾ ರಾಜ್ಯದ ಟಸ್ಕಂಬಿಯಾದ ಕ್ಯಾಪ್ಟನ್ ಆರ್ಥರ್ ಕೆಲರ್ ಎಂಬವರು, ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಸಲಹೆಯಂತೆ, ಕಣ್ಣು ಕಿವಿ ಎರಡನ್ನೂ ಕಳೆದುಕೊಂಡ ತಮ್ಮ ಮಗಳಿಗೆ ಒಬ್ಬ ಶಿಕ್ಷಕಿಯನ್ನು ಕೇಳಿದ್ದರು. ಊಟ, ವಸತಿ, ತಿಂಗಳ ಸಂಬಳ ದೊರೆಯುವ ಕೆಲಸವದು. ಆನಿ ಒಪ್ಪಿಕೊಂಡದ್ದು ಬಹುಮಟ್ಟಿಗೆ ಬೇರೆ ದಾರಿ ಇಲ್ಲದ್ದರಿಂದ. ಇದನ್ನು ಹೇಳಲು ನಾವು ಸಂಕೋಚಪಡಬೇಕಾಗಿಲ್ಲ. ಹೊಟ್ಟೆಗಾಗಿ ಹಿಡಿದ ಕೆಲಸವೆಂಬುದು ಆ ಕೆಲಸದ ಬೆಲೆಯನ್ನು ತಗ್ಗಿಸುವುದಿಲ್ಲ. ಒಪ್ಪಿಕೊಂಡ ಮೇಲೆ ಆಕೆ ಮಾಡಿದ್ದನ್ನು ನೋಡಬೇಕು: ಹೊರಡುವ ಮುನ್ನ ತಿಂಗಳುಗಟ್ಟಲೆ ಪರ್ಕಿನ್ಸಿನಲ್ಲಿ ಕುಳಿತು, ಲಾರಾ ಶಿಕ್ಷಣದ ಬಗ್ಗೆ ಹೋವ್ ಬರೆದಿಟ್ಟ ವರದಿಗಳನ್ನು ನೋಯುವ ಕಣ್ಣುಗಳಿಂದಲೇ ಓದಿದರು.

1887ರ ಮಾರ್ಚ್ 3ರಂದು ಆನಿ ಟಸ್ಕಂಬಿಯಾ ತಲುಪಿದರು. ಬಾಗಿಲಲ್ಲಿ ನಿಂತಿದ್ದ ಹೆಲೆನ್‌ಗೆ ಏಳು ವರ್ಷವೂ ತುಂಬಿರಲಿಲ್ಲ. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ಬಂದ ಜ್ವರ ಅವಳ ದೃಷ್ಟಿಯನ್ನೂ ಶ್ರವಣವನ್ನೂ ಕಸಿದಿತ್ತು. ಮನೆಯವರು ಪಾಪವೆಂದು ಅವಳ ಹಟಕ್ಕೆಲ್ಲ ಮಣಿದಿದ್ದರು. ಊಟದ ಹೊತ್ತಿನಲ್ಲಿ ಎಲ್ಲರ ತಟ್ಟೆಗೂ ಕೈಹಾಕಿ ತಿನ್ನುವುದು ಅವಳ ರೂಢಿ. ಪರ್ಕಿನ್ಸಿನ ಮಕ್ಕಳು ಕಳುಹಿಸಿದ, ಲಾರಾ ಬ್ರಿಡ್ಜ್‌ಮನ್ ಉಡುಪು ಹೊಲಿದುಕೊಟ್ಟ ಬೊಂಬೆಯನ್ನು ಕೈಗಿತ್ತು ಆನಿ ಬೊಂಬೆ ಎಂಬ ಪದವನ್ನು ಅಂಗೈಯಲ್ಲಿ ಬರೆದರು. ಮಗು ಬೆರಳಾಟವನ್ನು ಅನುಕರಿಸಿತು, ಆದರೆ ಅದು ಪದವೆಂದು ಅದಕ್ಕೆ ಗೊತ್ತಿರಲಿಲ್ಲ. ಹೆಲೆನ್ ಹೊಡೆದಳು, ಒದ್ದಳು, ಒಮ್ಮೆ ಶಿಕ್ಷಕಿಯನ್ನೇ ಕೋಣೆಯೊಳಗೆ ಕೂಡಿ ಬೀಗ ಹಾಕಿದಳು. ತನ್ನ ತಟ್ಟೆಯಿಂದ ಚಮಚದಲ್ಲಿಯೇ ತಿನ್ನಬೇಕೆಂದು ಆನಿ ಬಲವಂತವಾಗಿ ಕೂರಿಸಿದ ಆ ಬೆಳಗಿನ ಕಾದಾಟವನ್ನು ಇಂದಿನ ಶಿಕ್ಷಕರು ಒಪ್ಪಲಾರರು, ನಾವೂ ಒಪ್ಪುವುದಿಲ್ಲ. ಆದರೆ ಕನಿಕರದ ಹೆಸರಿನಲ್ಲಿ ಮಗುವಿನಿಂದ ಏನನ್ನೂ ನಿರೀಕ್ಷಿಸದಿರುವುದು ಕೂಡ ಒಂದು ಬಗೆಯ ಕ್ರೌರ್ಯವೆಂದು ಆಕೆಗೆ ತಿಳಿದಿತ್ತು. ಟ್ಯೂಕ್ಸ್‌ಬರಿಯಲ್ಲಿ ಆಕೆಯಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ತಂದೆತಾಯಿಯನ್ನು ಒಪ್ಪಿಸಿ, ಮಗುವಿನೊಂದಿಗೆ ತೋಟದ ಪುಟ್ಟ ಮನೆಯಲ್ಲಿ ಸುಮಾರು ಎರಡು ವಾರ ಇಬ್ಬರೇ ಉಳಿದರು.

ಏಪ್ರಿಲ್ 5ರ ಘಟನೆ ಪ್ರಸಿದ್ಧ. ಲೋಟ ಎಂಬ ಪದವನ್ನೂ ನೀರು ಎಂಬ ಪದವನ್ನೂ ಹೆಲೆನ್ ಕಲೆಸಿಕೊಳ್ಳುತ್ತಿದ್ದಳು. ಆನಿ ಅವಳನ್ನು ನೀರಿನ ಕೈಪಂಪಿನ ಬಳಿಗೆ ಕರೆದೊಯ್ದು, ಒಂದು ಕೈಯ ಮೇಲೆ ತಣ್ಣೀರು ಹರಿಯುತ್ತಿರುವಾಗ ಇನ್ನೊಂದು ಕೈಯಲ್ಲಿ ನೀರು ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಬರೆದರು. ವಸ್ತುಗಳಿಗೆಲ್ಲ ಹೆಸರಿದೆಯೆಂಬುದು ಮಗುವಿಗೆ ಹೊಳೆಯಿತು. ನೆಲ, ಪಂಪು ಎಲ್ಲದರ ಹೆಸರನ್ನೂ ಕೇಳಿ, ಕೊನೆಗೆ ತಿರುಗಿ ನಿಂತು ಈ ಹೆಂಗಸಿನ ಹೆಸರನ್ನೂ ಕೇಳಿದಳು. ಟೀಚರ್ ಎಂಬ ಉತ್ತರ ಅಂಗೈಗೆ ಬಂತು. ಜೀವನವಿಡೀ ಹೆಲೆನ್ ಆಕೆಯನ್ನು ಕರೆದದ್ದು ಆ ಹೆಸರಿನಿಂದಲೇ.

ಪಂಪಿನ ಕಥೆ ಇಷ್ಟು ಜನಪ್ರಿಯವಾದದ್ದರಿಂದ ಅದರ ಬೆನ್ನಿಗೇ ನಡೆದ, ಅದಕ್ಕಿಂತ ದೊಡ್ಡ ಸಂಗತಿ ಹಿಂದೆ ಸರಿದಿದೆ. ಹೆಲೆನಳ ನೆಂಟರ ಮನೆಯ ಹದಿನೈದು ತಿಂಗಳ ಕೂಸೊಂದನ್ನು ಆನಿ ಗಮನಿಸಿದರು. ಅದಿನ್ನೂ ಸರಿಯಾಗಿ ಮಾತಾಡದಿದ್ದರೂ ದೊಡ್ಡವರ ಮಾತು ಅದಕ್ಕೆ ಅರ್ಥವಾಗುತ್ತಿತ್ತು. ಯಾರೂ ಅದಕ್ಕೆ ದಿನಕ್ಕಿಷ್ಟು ಪದಗಳೆಂದು ಪಾಠ ಮಾಡಿರಲಿಲ್ಲ. ಸುತ್ತಲೂ ಭಾಷೆ ಹರಿಯುತ್ತಿತ್ತು, ಮಗು ಅದರಲ್ಲಿ ನೆನೆಯುತ್ತಿತ್ತು. ಹಾಗಾದರೆ ಹೆಲೆನ್‌ಗೂ ಹಾಗೆಯೇ ಆಗಬೇಕು. ಗೊತ್ತಾದ ಪಾಠದ ವೇಳೆ, ಪದಪಟ್ಟಿ ಎಲ್ಲವನ್ನೂ ಕೈಬಿಟ್ಟು, ಬೇರೆ ಮಕ್ಕಳ ಕಿವಿಯಲ್ಲಿ ಮಾತಾಡುವಂತೆ ಈ ಮಗುವಿನ ಅಂಗೈಯಲ್ಲಿ ದಿನವಿಡೀ ಪೂರ್ಣ ವಾಕ್ಯಗಳಲ್ಲಿ ಮಾತಾಡತೊಡಗಿದರು. ಟೆನೆಸ್ಸಿ ನದಿಯ ದಡದಲ್ಲಿ ಮಣ್ಣಿನಿಂದ ದ್ವೀಪ, ಸರೋವರ, ಬೆಟ್ಟಗಳನ್ನು ಕಟ್ಟಿಸಿ ಭೂಗೋಳ ಹೇಳಿಕೊಟ್ಟರು. ಮನೆಮಾತು ಒಂದು, ರಾಜ್ಯದ ಮಾತು ಇನ್ನೊಂದು ಆಗಿರುವ ಗಡಿನಾಡಿನ ಮನೆಗಳಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಶ್ರವಣದೋಷವುಳ್ಳ ಮಗುವಿಗೆ ಮನೆಯವರ ಭಾಷೆ ಬಲ್ಲ ಶಿಕ್ಷಕರು ಸಿಗುವರೇ ಎಂದು ತಡಕಾಡುವ ತಂದೆತಾಯಿಗಳ ಕಷ್ಟವೂ ನಮಗೆ ಅಪರಿಚಿತವಲ್ಲ.

ಕೀರ್ತಿ ಬಂತು, ಅದರ ಬೆನ್ನಿಗೆ ಅನುಮಾನವೂ ಬಂತು. ಹನ್ನೊಂದರ ಹೆಲೆನ್ ಬರೆದು ಅನಾಗ್ನೋಸ್ ಅವರಿಗೆ ಕಾಣಿಕೆಯಾಗಿ ಕಳುಹಿಸಿದ ಕಥೆಯೊಂದು, ಮೊದಲೇ ಅಚ್ಚಾಗಿದ್ದ ಬೇರೊಬ್ಬ ಲೇಖಕಿಯ ಕಥೆಯನ್ನು ಹೋಲುತ್ತಿತ್ತು. ಹಿಂದೆಂದೋ ಬೆರಳಲ್ಲಿ ಓದಿಸಿಕೊಂಡದ್ದು ನೆನಪಿನ ಆಳದಲ್ಲಿ ಉಳಿದು ತನ್ನದೇ ಎನ್ನಿಸಿತ್ತು ಆ ಮಗುವಿಗೆ. 1892ರಲ್ಲಿ ಪರ್ಕಿನ್ಸಿನಲ್ಲಿ ವಿಚಾರಣೆ ನಡೆದು, ಶಿಕ್ಷಕಿಯನ್ನು ಹೊರಗಿಟ್ಟು ಮಗುವನ್ನು ಪ್ರಶ್ನಿಸಲಾಯಿತು. ಆನಿ ಮೋಸ ಮಾಡಿಸಿದರೆಂಬ ಗುಮಾನಿ ಬಹುಕಾಲ ಉಳಿಯಿತು. 1897ರಲ್ಲಿ ಕೇಂಬ್ರಿಡ್ಜಿನ ಶಾಲೆಯ ಮುಖ್ಯಸ್ಥರು ಇಬ್ಬರನ್ನೂ ಬೇರ್ಪಡಿಸಲು ಯತ್ನಿಸಿದಾಗ, ಹೆಲೆನಳ ತಾಯಿಯೇ ಧಾವಿಸಿ ಬಂದು ತಡೆಯಬೇಕಾಯಿತು.

1900ರಿಂದ 1904ರವರೆಗೆ ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಆನಿ ಪ್ರತಿ ತರಗತಿಯಲ್ಲೂ ಹೆಲೆನ್ ಪಕ್ಕದಲ್ಲಿ ಕುಳಿತು ಉಪನ್ಯಾಸಗಳನ್ನು ಅಂಗೈಗೆ ಇಳಿಸಿದರು. ಬ್ರೈಲ್‌ನಲ್ಲಿ ಸಿಗದ ಪುಸ್ತಕಗಳನ್ನು ರಾತ್ರಿಯವರೆಗೂ ಓದಿ ಹೇಳಿದರು. ಮರಳಿ ಪಡೆದಿದ್ದ ಆ ಅಲ್ಪ ದೃಷ್ಟಿ ಹೀಗೆ ಸವೆಯಿತು. ಪದವಿ ಹೆಲೆನ್‌ಗೆ ಬಂತು. ನಾಲ್ಕು ವರ್ಷ ಅದೇ ಪಾಠಗಳನ್ನು ಕೇಳಿದ ಆನಿಗೆ ಕಾಲೇಜು ಏನನ್ನೂ ಕೊಡಲಿಲ್ಲ.

1905ರಲ್ಲಿ ಆನಿ ಬರಹಗಾರ ಜಾನ್ ಮೇಸಿಯವರನ್ನು ಮದುವೆಯಾದರು. ಕೆಲವೇ ವರ್ಷಗಳಲ್ಲಿ ದಂಪತಿ ದೂರವಾದರು. ಹಣದ ಅಡಚಣೆಯಿಂದ ಹೆಲೆನ್ ಮತ್ತು ಆನಿ ರಂಗಮಂದಿರಗಳ ವಿನೋದ ಕಾರ್ಯಕ್ರಮಗಳಲ್ಲಿಯೂ ವೇದಿಕೆ ಹತ್ತಬೇಕಾಯಿತು. ಟೆಂಪಲ್ ವಿಶ್ವವಿದ್ಯಾಲಯ ಗೌರವ ಪದವಿ ನೀಡಲು ಮುಂದಾದಾಗ ತಾನು ಅರ್ಹಳಲ್ಲವೆಂದು ಮೊದಲು ನಿರಾಕರಿಸಿ, 1932ರಲ್ಲಿ ಸ್ವೀಕರಿಸಿದರು. ಕೊನೆಯ ದಿನಗಳಲ್ಲಿ ಕಣ್ಣು ಪೂರ್ತಿ ಹೋಯಿತು.

1936ರ ಅಕ್ಟೋಬರ್ 20ರಂದು ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ ಆನಿ ಕಣ್ಮುಚ್ಚಿದಾಗ ಅವರ ಕೈಯನ್ನು ಹಿಡಿದಿದ್ದವರು ಹೆಲೆನ್. ಚಿತಾಭಸ್ಮವನ್ನು ವಾಷಿಂಗ್ಟನ್ನಿನ ನ್ಯಾಷನಲ್ ಕೆಥೆಡ್ರಲ್‌ನಲ್ಲಿ ಇರಿಸಲಾಯಿತು. ಹೆಲೆನ್ ಭಾರತಕ್ಕೆ ಭೇಟಿಯಿತ್ತ 1955ರಲ್ಲಿಯೇ ಅವರು ಶಿಕ್ಷಕಿಯ ಕುರಿತು ಬರೆದ ಪುಸ್ತಕವೂ ಪ್ರಕಟವಾಯಿತು. ಅದರ ಹೆಸರು ಟೀಚರ್. 1968ರಲ್ಲಿ ಹೆಲೆನ್ ತೀರಿಕೊಂಡಾಗ ಅವರ ಚಿತಾಭಸ್ಮವನ್ನು ಅಲ್ಲಿಯೇ, ಆನಿ ಅವರ ಪಕ್ಕದಲ್ಲಿ ಇರಿಸಿದರು.