ಹಿಮಗಿರಿಯ ನೆರೆಯಲ್ಲೊಂದು ಮನೆ

ಹುಟ್ಟುವ ಊರನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಬಾಳುವ ಊರನ್ನಾದರೂ ನಾವಾಗಿ ಆರಿಸಿಕೊಳ್ಳುತ್ತೇವೆಯೇ ಎಂದರೆ ಅದೂ ಅಪರೂಪವೇ. ನೌಕರಿ, ನಂಟಸ್ತಿಕೆ, ಬರಗಾಲಗಳು ನಮಗಾಗಿ ಆರಿಸುತ್ತವೆ. ನಾವು ಅವುಗಳ ಹಿಂದೆ ನಡೆಯುತ್ತೇವೆ. ಮಳೆ ತಪ್ಪಿದ ವರ್ಷಗಳಲ್ಲಿ ತಿಕೋಟೆಯ ಸೀಮೆಯಿಂದ ಗಂಟುಮೂಟೆ ಕಟ್ಟಿಕೊಂಡು ಪುಣೆಗೋ ಗೋವೆಗೋ ಹೋದವರು ಆ ಊರುಗಳನ್ನು ಮೆಚ್ಚಿ ಹೋದವರಲ್ಲ. ಆದ್ದರಿಂದಲೇ ಜಗತ್ತಿನ ದೊಡ್ಡ ನಗರಗಳ ಬಾಗಿಲು ತೆರೆದಿದ್ದಾಗಲೂ ಅವುಗಳಿಗೆ ಬೆನ್ನು ಮಾಡಿ, ಹಿಮ ಬೀಳುವ ಒಂದು ದೂರದ ಹಳ್ಳಿಯಲ್ಲಿ ಮನೆ ಮಾಡಿದ ಮನುಷ್ಯನ ಕಥೆ ನಮಗೆ ಕುತೂಹಲಕರವಾಗುತ್ತದೆ. ಆ ಮನುಷ್ಯ ರಷ್ಯದ ಚಿತ್ರಕಾರ ನಿಕೊಲಸ್ ರೋರಿಕ್. ಆ ಹಳ್ಳಿ ಕುಲೂ ಕಣಿವೆಯ ನಗ್ಗರ್.

ರೋರಿಕ್ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯ ತೋಟದಲ್ಲಿ ನಟಿ ದೇವಿಕಾರಾಣಿಯವರೊಡನೆ ದಶಕಗಳ ಕಾಲ ಬಾಳಿದ ಸ್ವೆತೊಸ್ಲಾವ್ ರೋರಿಕ್ ಅವರನ್ನು ಬಲ್ಲವರು ಅನೇಕರು. ತಂದೆ ಮಕ್ಕಳಿಬ್ಬರ ಚಿತ್ರಗಳೂ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿವೆ. ಆದರೆ ಮಗನನ್ನು ಬಲ್ಲಷ್ಟು ನಾವು ತಂದೆಯನ್ನು ಬಲ್ಲೆವೆಂದು ಹೇಳಲಾಗದು.

ನಿಕೊಲಸ್ ರೋರಿಕ್ ಜನಿಸಿದುದು 1874ರ ಅಕ್ಟೋಬರ್ 9ರಂದು, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ತಂದೆ ನ್ಯಾಯ ವ್ಯವಹಾರದಲ್ಲಿ ಹೆಸರಾದವರು, ಅನುಕೂಲಸ್ಥರು. ರಾಜಧಾನಿಯಿಂದ ಕೆಲವು ಹರದಾರಿ ದೂರದಲ್ಲಿ ಇಜ್ವಾರಾ ಎಂಬಲ್ಲಿ ಅವರಿಗೆ ಜಮೀನೂ ಮನೆಯೂ ಇದ್ದವು. ಬಾಲಕನ ಮನಸ್ಸು ಅರಳಿದುದು ನಗರದಲ್ಲಲ್ಲ, ಆ ಹಳ್ಳಿಯ ಕಾಡಿನಲ್ಲಿ. ಎದೆಯ ಬೇನೆಯಿಂದ ನರಳುತ್ತಿದ್ದ ಹುಡುಗನನ್ನು ಬೆಚ್ಚಗಿನ ಕೋಣೆಯಲ್ಲಿ ಮುಚ್ಚಿಡದೆ ಚಳಿಗಾಲದ ಬಯಲಿನಲ್ಲಿ ಓಡಾಡಿಸಿ ಗಟ್ಟಿಗೊಳಿಸಿದರು. ಹಿಮ ಅವನಿಗೆ ಶತ್ರುವಾಗದೆ ಒಡನಾಡಿಯಾಯಿತು. ಸುತ್ತಲಿನ ಪ್ರಾಚೀನ ಸಮಾಧಿದಿಬ್ಬಗಳನ್ನು ಅಗೆದು ಹಳೆಯ ಒಡವೆ, ಆಯುಧಗಳನ್ನು ಹೊರತೆಗೆಯುವ ಗೀಳೂ ಅಲ್ಲಿಯೇ ಹತ್ತಿತು. ಮುಂದೆ ಅವರು ಬಾಳಿದ ರೀತಿಯ ಬೀಜಗಳೆಲ್ಲ ಇಜ್ವಾರಾದ ಮಣ್ಣಿನಲ್ಲಿಯೇ ಬಿದ್ದವು.

ತಂದೆಗೆ ಮಗನು ವಕೀಲನಾಗಬೇಕು, ಮಗನಿಗೆ ಚಿತ್ರಕಾರನಾಗಬೇಕು. 1893ರಲ್ಲಿ ರೋರಿಕ್ ವಿಶ್ವವಿದ್ಯಾಲಯದ ಕಾಯಿದೆಯ ವರ್ಗವನ್ನೂ ಕಲಾ ಅಕಾಡೆಮಿಯನ್ನೂ ಒಟ್ಟಿಗೆ ಸೇರಿದರು. 1897ರಲ್ಲಿ ಅವರು ಬರೆದ ಚಿತ್ರವೊಂದನ್ನು ಮಾಸ್ಕೋದ ಪ್ರಸಿದ್ಧ ಸಂಗ್ರಾಹಕ ಟ್ರೆಟ್ಯಾಕೊವ್ ಕೊಂಡುಕೊಂಡಮೇಲೆ ದಾರಿ ನಿಶ್ಚಯವಾಯಿತು. 1901ರಲ್ಲಿ ಹೆಲೆನಾ ಅವರನ್ನು ವರಿಸಿದರು. ಮರುವರ್ಷ ಹಿರಿಯ ಮಗ ಯೂರಿ, 1904ರಲ್ಲಿ ಸ್ವೆತೊಸ್ಲಾವ್ ಹುಟ್ಟಿದರು. ರಷ್ಯದ ಹಳೆಯ ಪಟ್ಟಣಗಳನ್ನು ದಂಪತಿಗಳು ಸುತ್ತಿದರು. ಪಾಳುಬೀಳುತ್ತಿದ್ದ ಚರ್ಚುಗಳನ್ನೂ ಕೋಟೆಗಳನ್ನೂ ರೋರಿಕ್ ಚಿತ್ರಿಸಿದರು. 1913ರಲ್ಲಿ ಪ್ಯಾರಿಸಿನಲ್ಲಿ ಸ್ಟ್ರಾವಿನ್‌ಸ್ಕಿಯ ನೃತ್ಯರೂಪಕಕ್ಕೆ ರಂಗಸಜ್ಜೆಯನ್ನೂ ಉಡುಪುಗಳನ್ನೂ ರೂಪಿಸಿ ಯುರೋಪಿನಲ್ಲೆಲ್ಲ ಹೆಸರಾದರು. ಇದೇ ಕಾಲದಲ್ಲಿ ರಾಮಕೃಷ್ಣ, ವಿವೇಕಾನಂದ, ರವೀಂದ್ರರ ಗ್ರಂಥಗಳ ಮೂಲಕ ಭಾರತವು ಆ ಮನೆಯೊಳಗೆ ಪ್ರವೇಶಿಸಿತು.

ಅಷ್ಟರಲ್ಲಿ ಎದೆಯ ಬೇನೆ ಮರುಕಳಿಸಿತು. 1916ರ ಕೊನೆಗೆ ಸಂಸಾರವು ಫಿನ್ಲೆಂಡಿನ ಲಡೋಗಾ ಸರೋವರದ ದಡಕ್ಕೆ ಹವೆ ಬದಲಾವಣೆಗೆಂದು ಹೋಯಿತು. ಮರುವರ್ಷ ರಷ್ಯದಲ್ಲಿ ಕ್ರಾಂತಿಯಾಯಿತು. 1918ರಲ್ಲಿ ಗಡಿ ಮುಚ್ಚಿತು. ಆರೋಗ್ಯಕ್ಕಾಗಿ ಹೋದವರು ಅಲ್ಲಿಯೇ ಪರದೇಶಿಗಳಾದರು. ಬಳಿಕ ಲಂಡನ್; ಅಲ್ಲಿ 1920ರಲ್ಲಿ ರವೀಂದ್ರನಾಥ ಠಾಕೂರರ ಭೇಟಿ. ಅದೇ ವರ್ಷ ಅಮೆರಿಕ. ಅಲ್ಲಿ ಅವರ ಚಿತ್ರಗಳ ಪ್ರದರ್ಶನಗಳು ಊರಿಂದೂರಿಗೆ ಸಾಗಿದವು. ನ್ಯೂಯಾರ್ಕಿನಲ್ಲಿ 1921ರಲ್ಲಿ ಕಲಾಶಾಲೆ, 1923ರಲ್ಲಿ ಅವರ ಹೆಸರಿನದೇ ವಸ್ತುಸಂಗ್ರಹಾಲಯ ಸ್ಥಾಪಿತವಾದವು. ಬೇರೊಬ್ಬರಾಗಿದ್ದರೆ ಇಷ್ಟಕ್ಕೆ ತೃಪ್ತರಾಗಿ ಅಲ್ಲಿಯೇ ನೆಲೆಸುತ್ತಿದ್ದರು. ರೋರಿಕ್ 1923ರ ಡಿಸೆಂಬರಿನಲ್ಲಿ ಕುಟುಂಬಸಮೇತ ಮುಂಬಯಿಯಲ್ಲಿ ಇಳಿದರು.

ಮುಂದಿನ ಐದು ವರ್ಷಗಳ ಪರ್ಯಟನವೇ ಒಂದು ಗ್ರಂಥಕ್ಕಾಗುವಷ್ಟಿದೆ. ಡಾರ್ಜಿಲಿಂಗಿನಲ್ಲಿ ಕೆಲಕಾಲವಿದ್ದು, 1925ರಲ್ಲಿ ಶ್ರೀನಗರದಿಂದ ಲೇಹಕ್ಕೆ, ಅಲ್ಲಿಂದ ಕಾರಕೋರಂ ದಾಟಿ ಖೋತಾನ, ಕಾಶ್ಗರಗಳಿಗೆ, ಆಲ್ತಾಯ್ ಬೆಟ್ಟಗಳಿಗೆ, ಮಂಗೋಲಿಯಕ್ಕೆ ಹೋದರು. ಜೊತೆಯಲ್ಲಿ ಹೆಲೆನಾ ಹಾಗೂ ಯೂರಿ. ಮಂಗೋಲಿಯದಿಂದ ತಿಬೇಟಿನ ದಾರಿಯಾಗಿ ಮರಳುವಾಗ, 1927ರ ಚಳಿಗಾಲದಲ್ಲಿ ಅಧಿಕಾರಿಗಳು ಅವರನ್ನು ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ ತಡೆದರು. ಮುಂದೆ ಹೋಗಲು ಅಪ್ಪಣೆಯಿಲ್ಲ, ಹಿಂದೆ ಹೋಗಲು ಶಕ್ತಿಯಿಲ್ಲ. ಬೇಸಗೆಯ ಗುಡಾರಗಳಲ್ಲಿ ಐದು ತಿಂಗಳು ಕಳೆದವು. ತಂಡದ ಐವರು ತೀರಿಕೊಂಡರು; ತೊಂಬತ್ತರಷ್ಟು ಪ್ರಾಣಿಗಳು ಸತ್ತವು. 1928ರ ಮೇ ತಿಂಗಳಲ್ಲಿ ಅವರು ಸಿಕ್ಕಿಂ ಮಾರ್ಗವಾಗಿ ಡಾರ್ಜಿಲಿಂಗನ್ನು ಸೇರಿದಾಗ ಕೈಯಲ್ಲಿದ್ದುದು ಸುಮಾರು 500 ಚಿತ್ರಗಳು ಮತ್ತು ಸಂಗ್ರಹಿಸಿದ ಬಹು ಸಾಮಗ್ರಿ.

ಚಳಿಯ ಕ್ರೌರ್ಯವನ್ನು ಇಷ್ಟು ಸಮೀಪದಿಂದ ಕಂಡವರು ಇನ್ನಾದರೂ ಬೆಚ್ಚಗಿನ ನಾಡನ್ನು ಹುಡುಕಬೇಕಿತ್ತು. ಅವರು ಆರಿಸಿದುದು ಕುಲೂ ಕಣಿವೆಯನ್ನು. 1928ರ ಡಿಸೆಂಬರಿನಲ್ಲಿ, ತಮ್ಮ ಐವತ್ತನಾಲ್ಕನೆಯ ವಯಸ್ಸಿನಲ್ಲಿ, ರೋರಿಕ್ ನಗ್ಗರಕ್ಕೆ ಬಂದರು. ಮಂಡಿಯ ರಾಜರ ಒಡೆತನದಲ್ಲಿದ್ದ, ಕಲ್ಲು ಮತ್ತು ಮರದಿಂದ ಕಟ್ಟಿದ ಮನೆಯೊಂದು, ಅದರ ಸುತ್ತಲಿನ ಜಮೀನು ಅವರದಾದವು.

ಈ ಆಯ್ಕೆಯ ಕಾರಣಗಳನ್ನು ಆ ಸ್ಥಳವೇ ಹೇಳುತ್ತದೆ. ನಗ್ಗರ್ ಸಮುದ್ರಮಟ್ಟದಿಂದ ಸುಮಾರು 1800 ಮೀಟರ್ ಎತ್ತರದಲ್ಲಿದೆ; ಒಂದು ಕಾಲಕ್ಕೆ ಕುಲೂ ಅರಸರ ರಾಜಧಾನಿ. ಕೆಳಗೆ ಬಿಯಾಸ್ ನದಿ, ಹಿಂದೆ ದೇವದಾರು ಕಾಡು, ಉತ್ತರಕ್ಕೆ 3978 ಮೀಟರ್ ಎತ್ತರದ ರೋಹತಾಂಗ್ ಕಣಿವೆದಾರಿ. ಅದನ್ನು ದಾಟಿದರೆ ಲಾಹುಲ್. ಅಲ್ಲಿಂದ ತಿಬೇಟಿನ ಸಂಸ್ಕೃತಿಯ ಸೀಮೆ. ವ್ಯಾಸರ ಹೆಸರನ್ನು ಬಿಯಾಸ್ ನದಿಯೂ ಮನುವಿನ ಹೆಸರನ್ನು ಮನಾಲಿಯೂ ಹೊತ್ತಿವೆಯೆಂದು ಜನ ನಂಬುವ ನಾಡು ಅದು. ಹಳ್ಳಿಗೊಂದು ದೇವರಿದ್ದು, ದಸರೆಗೆ ಆ ದೇವರುಗಳೆಲ್ಲ ಪಲ್ಲಕ್ಕಿಯೇರಿ ಕುಲೂವಿನಲ್ಲಿ ಕೂಡುತ್ತಾರೆ. ಚಿತ್ರಕಾರನಿಗೆ ಶಿಖರಗಳು, ಪುರಾತತ್ತ್ವಜ್ಞನಿಗೆ ಹಳೆಯ ಶಿಲ್ಪಗಳು, ಬೌದ್ಧ ವಿದ್ವಾಂಸನಾದ ಮಗ ಯೂರಿಗೆ ತಿಬೇಟಿನ ಬಾಗಿಲು, ಎಲ್ಲವೂ ಒಂದೇ ಮನೆಯ ಅಂಗಳದಿಂದ ಕೈಗೆಟಕುವಂತಿದ್ದವು. ಇಜ್ವಾರಾದ ಹುಡುಗನಿಗೆ ಹಿಮವಂತೂ ಹೊಸದಾಗಿರಲಿಲ್ಲ.

ಅವರು ಅಲ್ಲಿಗೆ ಹೋದುದು ವೈರಾಗ್ಯದಿಂದಲ್ಲ ಎಂಬುದನ್ನು ಗಮನಿಸಬೇಕು. ಡಾರ್ಜಿಲಿಂಗಿನಲ್ಲಿ 1928ರ ಜುಲೈ 24ರಂದು ಸ್ಥಾಪಿಸಿದ ಊರುಸ್ವತಿ ಹಿಮಾಲಯ ಸಂಶೋಧನ ಸಂಸ್ಥೆಯನ್ನು ನಗ್ಗರಕ್ಕೆ ತಂದರು. ಬೆಳಗಿನ ನಕ್ಷತ್ರದ ಬೆಳಕು ಎಂಬುದು ಆ ಹೆಸರಿನ ಅರ್ಥ. ಯೂರಿ ಅದರ ನಿರ್ದೇಶಕರು. ಬೇಸಗೆಯಲ್ಲಿ ತಂಡ ರೋಹತಾಂಗ್ ದಾಟಿ ಲಾಹುಲಿಗೆ ಹೋಗಿ ಗಿಡಮೂಲಿಕೆಗಳನ್ನು ಕೂಡಿಸುತ್ತಿತ್ತು. ಲಾಮಾಗಳಿಂದ ತಿಬೇಟಿ ವೈದ್ಯದ ಗ್ರಂಥಗಳನ್ನು ಅರ್ಥಮಾಡಿಕೊಳ್ಳುತ್ತಿತ್ತು. ಸಸ್ಯ, ಪಕ್ಷಿ, ಭಾಷೆ, ಜಾನಪದಗಳ ಅಧ್ಯಯನ ನಡೆಯುತ್ತಿತ್ತು. ತಿಬೇಟಿನ ವಿದ್ವಾಂಸ ಗೆಂದುನ್ ಚೋಫೆಲ್ ಇಲ್ಲಿಗೆ ಬಂದು ಯೂರಿಯವರೊಡನೆ ದುಡಿದರು. ಆ ನೆರವಿನಿಂದ ಸಿದ್ಧವಾದ ತಿಬೇಟಿನ ಬೌದ್ಧ ಇತಿಹಾಸಗ್ರಂಥದ ಇಂಗ್ಲಿಷ್ ಅನುವಾದ 1949ರಲ್ಲಿ ಕಲಕತ್ತೆಯಲ್ಲಿ ಪ್ರಕಟವಾಯಿತು. ಮನೆಯ ಬಳಿ ದೇವದಾರು ಮರದ ಕೆಳಗೆ ಸುತ್ತಲಿನ ಹಳೆಯ ಶಿಲ್ಪಗಳನ್ನು ರೋರಿಕ್ ಇರಿಸಿದರು. ಕುದುರೆಯೇರಿದ ಗೂಗಾ ಚೌಹಾನನ ವಿಗ್ರಹ ಅವುಗಳಲ್ಲೊಂದು. ಆ ಜನಪದ ವೀರ ಅವರ ಚಿತ್ರಗಳಲ್ಲಿಯೂ ಬಂದನು. ವಸಂತದ ಹೂಮರದಡಿ ಕೊಳಲೂದುವ ಕೃಷ್ಣನೂ ಬಂದನು. ಅವನ ಹಿಂದೆ ಇರುವುದು ವೃಂದಾವನವಲ್ಲ, ಕುಲೂವಿನ ಬೆಟ್ಟ.

ಇದೆಲ್ಲ ಸುಖವಾಗಿ ನಡೆಯಿತೆಂದು ತಿಳಿಯಬಾರದು. ದೂರದ ನೆಲೆಗೆ ದೊಡ್ಡ ಬೆಲೆ ತೆರಬೇಕಾಯಿತು. ಸೋವಿಯೆತ್ ರಷ್ಯವನ್ನು ಹಾಯ್ದು ಬಂದವರೆಂದು ಬ್ರಿಟಿಷ್ ಸರಕಾರಕ್ಕೆ ಅವರ ಮೇಲೆ ಸಂಶಯ. 1930ರಲ್ಲಿ ಅಮೆರಿಕದಿಂದ ನಗ್ಗರಕ್ಕೆ ಮರಳಲು ಹೊರಟವರಿಗೆ ವೀಸಾ ಕೊಡದೆ ಸತಾಯಿಸಿದರು. ಹೆಲೆನಾ ಅಸ್ವಸ್ಥರಾಗಿ ಬೆಟ್ಟದ ಮನೆಯಲ್ಲಿದ್ದರು. 1934–35ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಪರವಾಗಿ, ಬರವನ್ನು ತಾಳಬಲ್ಲ ಹುಲ್ಲುಗಳನ್ನು ಅರಸಿ ಮಂಚೂರಿಯ, ಮಂಗೋಲಿಯ ಪ್ರದೇಶಗಳಿಗೆ ಹೋದರು. ಆ ಪ್ರವಾಸ ರಾಜಕೀಯ ವಿವಾದದಲ್ಲಿ ಮುಗಿಯಿತು, ಆದರಿಸುತ್ತಿದ್ದವರೇ ದೂರವಾದರು, ತೆರಿಗೆಯ ಮೊಕದ್ದಮೆ ಬಂದಿತು, ನ್ಯೂಯಾರ್ಕಿನ ಸಂಗ್ರಹಾಲಯ ಕೈತಪ್ಪಿತು. ಅವರು ಮತ್ತೆ ಅಮೆರಿಕವನ್ನು ಕಾಣಲಿಲ್ಲ. ಹಣದ ಹೊಳೆ ಬತ್ತಿದಾಗ ಊರುಸ್ವತಿಯ ಕಾರ್ಯವೂ ಎರಡನೆಯ ಮಹಾಯುದ್ಧದ ಹೊತ್ತಿಗೆ ನಿಂತುಹೋಯಿತು. ಅವರ ಸುತ್ತ ಬೆಳೆದ ಗುರುಭಾವವನ್ನೂ, ರಾಜಕೀಯ ಕನಸುಗಳನ್ನೂ ಇತಿಹಾಸಕಾರರು ಇಂದಿಗೂ ಒರೆಗೆ ಹಚ್ಚುತ್ತಿದ್ದಾರೆ; ಅದು ಯೋಗ್ಯವೇ. ದೊಡ್ಡವರ ಬಾಳನ್ನು ಆರತಿ ಎತ್ತಿಯೇ ನೋಡಬೇಕೆಂದಿಲ್ಲ.

ಆದರೆ ಒಂದು ಕಾರ್ಯಕ್ಕಾಗಿ ವಿಜಾಪುರ ಸೀಮೆಯ ನಾವು ಅವರನ್ನು ವಿಶೇಷವಾಗಿ ನೆನೆಯಬೇಕು. ವಿಜಾಪುರದಿಂದ ತಿಕೋಟೆಗೆ ಬರುವ ದಾರಿಯಲ್ಲಿ ತೊರವೆಯ ಬಳಿ ನವರಸಪುರದ ಅವಶೇಷಗಳಿವೆ. ಇಮ್ಮಡಿ ಇಬ್ರಾಹಿಂ ಆದಿಲಶಾಹ 1599ರಲ್ಲಿ ಸಂಗೀತ, ಸಾಹಿತ್ಯಗಳ ಹೆಸರಿನಲ್ಲಿ ಕಟ್ಟತೊಡಗಿದ ಆ ನಗರವನ್ನು 1624ರಲ್ಲಿ ಮಲಿಕ್ ಅಂಬರನ ದಂಡು ಹಾಳುಗೆಡವಿತು. ಯುದ್ಧದಲ್ಲಿ ಸೋತ ಅರಸರಿಗೆ ಮತ್ತೆ ರಾಜ್ಯ ಬಂದೀತು. ಬಿದ್ದ ಗೋಡೆಯ ಕುಸುರಿ ಮರಳಿ ಬಾರದು. ರಷ್ಯದ ಹಳೆಯ ಚರ್ಚುಗಳನ್ನು ಚಿತ್ರಿಸುತ್ತಿದ್ದ ಕಾಲದಿಂದಲೇ ರೋರಿಕ್ ಈ ನೋವನ್ನು ಅರಿತಿದ್ದರು. ಯುದ್ಧದಲ್ಲಿಯೂ ಶಾಂತಿಯಲ್ಲಿಯೂ ಕಲಾಮಂದಿರ, ವಿದ್ಯಾಲಯ, ಸ್ಮಾರಕಗಳನ್ನು ಮುಟ್ಟಕೂಡದೆಂಬ ಅಂತರರಾಷ್ಟ್ರೀಯ ಒಪ್ಪಂದಕ್ಕಾಗಿ ಅವರು ದುಡಿದರು. ಬಿಳಿಯ ಬಟ್ಟೆಯ ಮೇಲೆ ಕೆಂಪು ವೃತ್ತ, ಅದರೊಳಗೆ ಮೂರು ಗುಂಡು ಬೊಟ್ಟುಗಳು, ಇದು ಆ ಒಪ್ಪಂದದ ಧ್ವಜ. 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕ ಖಂಡಗಳ 21 ರಾಷ್ಟ್ರಗಳು ಅದಕ್ಕೆ ಸಹಿ ಹಾಕಿದವು. 1954ರ ಹೇಗ್ ಒಪ್ಪಂದ ಅದನ್ನು ತನ್ನ ಪೂರ್ವಜರಲ್ಲಿ ಒಂದೆಂದು ಎಣಿಸಿದೆ. ಬೆಟ್ಟದ ಮೂಲೆಯಲ್ಲಿ ಮನೆ ಮಾಡಿದವನು ಜಗತ್ತಿನ ಚಿಂತೆಯನ್ನು ಬಿಟ್ಟಿರಲಿಲ್ಲ.

ಯುದ್ಧದ ವರ್ಷಗಳಲ್ಲಿ ಅವರು ಚಿತ್ರಗಳನ್ನು ಮಾರಿ ಬಂದ ಹಣವನ್ನು ತಾಯ್ನಾಡಿನ ಗಾಯಾಳುಗಳ ನೆರವಿಗೆ ಕಳುಹಿಸಿದರು. 1942ರ ಮೇ ತಿಂಗಳಲ್ಲಿ ಜವಾಹರಲಾಲ ನೆಹರೂ ಅವರು ಮಗಳು ಇಂದಿರಾರೊಡನೆ ನಗ್ಗರಕ್ಕೆ ಬಂದು ಕೆಲವು ದಿನ ತಂಗಿದರು. ಯುದ್ಧ ಮುಗಿದಮೇಲೆ ರೋರಿಕ್ ರಷ್ಯಕ್ಕೆ ಮರಳುವ ಹಂಬಲದಲ್ಲಿದ್ದರು. ನಗ್ಗರದ ಮನೆಯನ್ನು ಪ್ರೀತಿಸಿದವರಿಗೆ ಇಜ್ವಾರಾದ ನೆನಪು ಅಳಿದಿರಲಿಲ್ಲ. ಆ ಹಂಬಲ ಕೈಗೂಡಲಿಲ್ಲ. ಭಾರತ ಸ್ವತಂತ್ರವಾದ ನಾಲ್ಕು ತಿಂಗಳಿಗೆ, 1947ರ ಡಿಸೆಂಬರ್ 13ರಂದು, ಅವರು ನಗ್ಗರದಲ್ಲಿಯೇ ಕೊನೆಯುಸಿರೆಳೆದರು. ಹಿಮಶಿಖರಗಳಿಗೆ ಎದುರಾದ ಇಳಿಜಾರಿನಲ್ಲಿ ಚಿತೆಯಾಯಿತು. ಅಲ್ಲಿ ಈಗ ಒಂದು ದೊಡ್ಡ ಬಂಡೆ ನಿಂತಿದೆ. ಅವರು ಬರೆದ ಚಿತ್ರಗಳು ಸುಮಾರು 7000.

ಉಳಿದವರು ಚದುರಿದರು. ಹೆಲೆನಾ 1948ರಲ್ಲಿ ನಗ್ಗರವನ್ನು ಬಿಟ್ಟು, ಕೊನೆಗೆ ಕಾಲಿಂಪಾಂಗಿನಲ್ಲಿ ನೆಲೆಸಿ, ತವರನ್ನು ಕಾಣದೆಯೇ 1955ರಲ್ಲಿ ತೀರಿಕೊಂಡರು. ಯೂರಿ 1957ರಲ್ಲಿ ಮಾಸ್ಕೋಗೆ ಮರಳಿ, ಮೂರೇ ವರ್ಷ ಪಾಠ ಹೇಳಿ 1960ರಲ್ಲಿ ಗತಿಸಿದರು. ಸ್ವೆತೊಸ್ಲಾವ್ ಹಿಮವನ್ನು ಬಿಟ್ಟು ದಕ್ಷಿಣಕ್ಕೆ ಬಂದು ಕನ್ನಡನಾಡಿನ ಮಣ್ಣಿನಲ್ಲಿ ಸುಗಂಧತೈಲದ ಮರಗಳನ್ನು ಬೆಳೆಸಿದರು. 1993ರಲ್ಲಿ ಅವರೂ, ಮರುವರ್ಷ ದೇವಿಕಾರಾಣಿಯವರೂ ತೀರಿಕೊಂಡು ತಾತಗುಣಿಯಲ್ಲಿ ಮಣ್ಣಾದರು. ನಗ್ಗರದ ಮನೆ ಇಂದು ಸ್ಮಾರಕ ಸಂಗ್ರಹಾಲಯ.

ಹಾಗಾದರೆ ರೋರಿಕ್ ನಗ್ಗರವನ್ನು ಸ್ವಇಚ್ಛೆಯಿಂದಲೇ ಆರಿಸಿದರೆ? ತಾಯ್ನಾಡಿನ ಗಡಿ ಮುಚ್ಚದೆ ಇದ್ದಿದ್ದರೆ ಅವರು ಇಜ್ವಾರಾದ ಕಾಡಿಗೇ ಮರಳುತ್ತಿದ್ದರೇನೋ. ಒಂದು ಬಾಗಿಲು ಮುಚ್ಚಿದ್ದರಿಂದಲೇ ಇನ್ನೊಂದನ್ನು ತಟ್ಟಿದರು. ಆ ಮಟ್ಟಿಗೆ ಅವರೂ ಗಂಟುಮೂಟೆ ಕಟ್ಟಿದ ನಮ್ಮ ಸೀಮೆಯ ಜನರ ಬಳಗದವರೇ. ಅವರ ಹಿರಿಮೆಯು ನಗ್ಗರಕ್ಕೆ ಬಂದ ಆ ಒಂದು ದಿನದ ತೀರ್ಮಾನದಲ್ಲಿಲ್ಲ. ಬಂದಮೇಲಿನ ಹತ್ತೊಂಬತ್ತು ವರ್ಷಗಳಲ್ಲಿದೆ. ಅಲ್ಲಿಯ ಗಿಡದ ಹೆಸರನ್ನು ಕಲಿತರು, ಅಲ್ಲಿಯ ದೇವರನ್ನು ಗೌರವಿಸಿದರು, ಅಲ್ಲಿಯ ಬೆಳಕನ್ನು ಬಣ್ಣದಲ್ಲಿ ಹಿಡಿದರು. ಪರಸ್ಥಳವು ತನ್ನದಾಗುವುದು ಹೀಗೆಯೇ, ಖರೀದಿಪತ್ರದಿಂದಲ್ಲ. ಮುಂದಿನ ವರ್ಷ ಯಾವ ಊರಿಗೆ ಹೋಗಬೇಕಾಗುವುದೋ ಎಂದು ತಿಳಿಯದೆ ನಮ್ಮ ಕಾಲೇಜಿನ ಬೆಂಚಿನಲ್ಲಿ ಕುಳಿತಿರುವ ಹುಡುಗ ಹುಡುಗಿಯರಿಗೆ ಈ ಚರಿತ್ರೆಯನ್ನು ಹೇಳಬೇಕೆನ್ನಿಸುವುದು ಆ ಕಾರಣದಿಂದ.