ಸರ್ ರಾಮನಾಥ ಚೋಪ್ರಾ

ದೇಶೀಯ ಮೂಲಿಕೆಗಳೆಲ್ಲವೂ ಸಂಜೀವಿನಿಯೆಂಬ ಅಭಿಮಾನವನ್ನೂ, ಅವು ಬರಿಯ ಸೊಪ್ಪುಸದೆಯೆಂಬ ತಾತ್ಸಾರವನ್ನೂ ನಾವು ಸಾಕಷ್ಟು ಕಂಡಿದ್ದೇವೆ. ಎರಡಕ್ಕೂ ಒಳಗಾಗದೆ ಅವನ್ನು ಒರೆಗೆ ಹಚ್ಚಿದ ಮಹನೀಯರು ಸರ್ ರಾಮನಾಥ ಚೋಪ್ರಾ ಅವರು. 1882ರಲ್ಲಿ ಪಂಜಾಬದ ಗುಜ್ರಾನ್‌ವಾಲಾದಲ್ಲಿ ಜನಿಸಿ, ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮಾಡಿ, ಸೈನ್ಯದ ವೈದ್ಯಶಾಖೆಯಲ್ಲಿ ದುಡಿದ ಅವರು 1921ರಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಗೆ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು.

ಆಗ ನಮ್ಮ ಅರಣ್ಯಗಳ ಮೂಲಿಕೆಗಳು ಹಡಗೇರಿ ಹೋಗಿ, ಸೀಸೆಗಳನ್ನು ಸೇರಿ, ಬಡವರ ಕೈಗೆಟುಕದ ಬೆಲೆಗೆ ಹಿಂದಿರುಗುತ್ತಿದ್ದವು. ಆಮಶಂಕೆಗಂತೂ ದಕ್ಷಿಣ ಅಮೆರಿಕದ ಬೇರಿನಿಂದ ತೆಗೆದ ಎಮಿಟೀನೇ ಗತಿ. ಅದಾದರೋ ಹೃದಯವನ್ನು ಕುಂದಿಸುವ ವಿಷವೂ ಹೌದು. ಕುಟಜವೆಂದು ವೈದ್ಯಗ್ರಂಥಗಳು ಹೊಗಳುವ, ನಮ್ಮ ಮಲೆನಾಡಿನಲ್ಲಿಯೂ ಬೆಳೆಯುವ ಕೊಡಸಿಗೆಯ ತೊಗಟೆಯನ್ನು ಚೋಪ್ರಾ ಅವರು ಕೈಗೆತ್ತಿಕೊಂಡರು. ಗ್ರಂಥದ ಹೊಗಳಿಕೆಯನ್ನು ರೋಗಾಣುವು ಪ್ರಮಾಣವೆಂದು ಒಪ್ಪುವುದಿಲ್ಲವಷ್ಟೆ! ತೊಗಟೆಯ ಕ್ಷಾರಸತ್ವಗಳನ್ನು ಬೇರ್ಪಡಿಸಿ, ಮೊದಲು ಪ್ರಾಣಿಗಳಲ್ಲಿ, ಬಳಿಕ ರೋಗಿಗಳಲ್ಲಿ ಪರೀಕ್ಷಿಸಿ, ರೋಗಾಣು ಅಳಿಯಿತೆ ಉಳಿಯಿತೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದು ಎಮಿಟೀನಿಗಿಂತ ಸೌಮ್ಯವೆಂದೂ ಹಳೆಯ ಆಮಶಂಕೆಗೆ ಉಪಯುಕ್ತವೆಂದೂ ಅವರೂ ಸಹೋದ್ಯೋಗಿಗಳೂ 1927ರಲ್ಲಿ ಪ್ರಕಟಿಸಿದರು. ದಶಕಗಳ ತರುವಾಯ ಮೆಟ್ರೊನಿಡಜೋಲ್ ಬಂದು ಎರಡನ್ನೂ ಹಿಂದೆ ಹಾಕಿತೆಂಬುದು ನಿಜ.

ಭಾರತದ ದೇಶೀಯ ಔಷಧಿಗಳನ್ನು ಕುರಿತ 1933ರ ಅವರ ಬೃಹದ್ಗ್ರಂಥದಲ್ಲಿ ಪರೀಕ್ಷೆಯಲ್ಲಿ ಗೆದ್ದ ಮೂಲಿಕೆಗಳೊಡನೆ ಸೋತವುಗಳ ವೃತ್ತಾಂತವೂ ಉಂಟು. ಇದನ್ನೇ ನಾವು ದೇಶಸೇವೆಯೆಂದು ಎಣಿಸುತ್ತೇವೆ. ಕಲಬೆರಕೆ ಔಷಧಿಗಳ ವಿಚಾರಣೆಗೆ 1930ರಲ್ಲಿ ಸರ್ಕಾರವು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. 1940ರ ಔಷಧ ಶಾಸನಕ್ಕೆ ಅದೇ ಮೂಲ. ಕಲ್ಕತ್ತೆಯಿಂದ ನಿವೃತ್ತರಾದ ಮೇಲೂ ಜಮ್ಮುವಿನ ಸಂಶೋಧನಾಲಯದಲ್ಲಿ ಮೂಲಿಕೆಗಳ ಕೆಲಸವನ್ನು ಬಿಡದೆ ನಡೆಸಿ, 1973ರಲ್ಲಿ ಕಾಲವಾದರು.